ಇಮಾನ ಇಳಿಯುವ ತನಕ

ಗುದ್ಲೆಪ್ಪನಿಗೆ ಪಟಾಕಿ ಎಂದರೆ ಜೀವ ಬಾಯಿಗೆ ಬರುತ್ತದೆ. ಇದೇನು ದೊಡ್ಡ ಸುದ್ದಿಯಲ್ಲ. ಪಟಾಕಿಗೆ ಅಂಜುವ ಗಂಡಸರು ಎಲ್ಲ ಊರಲ್ಲೂ ಇದ್ದಾರೆ, ದೀಪಾವಳಿಯ ಸಂಜೆ ಅವರಿಗೆ ಒಳಮನೆಯಲ್ಲಿ ಏನಾದರೊಂದು ಕೆಲಸ ನೆನಪಾಗುತ್ತದೆ. ಆದರೆ ಪಟಾಕಿ ಹಾರಿಸುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯ ಪಟಾಕಿಗೆ ಅಂಜುವುದನ್ನು ನೋಡಬೇಕಾದರೆ ದಂಡಿನಮಾಳಕ್ಕೇ ಬರಬೇಕು.

ಎರಡೂ ಕಿವಿಗೆ ಹತ್ತಿ ತುರುಕಿ, ಮೇಲೆ ಟವೆಲ್ ಬಿಗಿದು, ತೊಗರಿಕಟ್ಟಿಗೆಯ ತುದಿಗೆ ಊದಿನಕಡ್ಡಿ ಕಟ್ಟಿಕೊಂಡು, ಮುಖವನ್ನು ಸವಣೂರಿನ ಕಡೆ ತಿರುಗಿಸಿ ಕೈಯೊಂದನ್ನೇ ಪಟಾಕಿಯ ಕಡೆ ಚಾಚುತ್ತಾನೆ. ಬತ್ತಿ ಹೊತ್ತಿತೋ ಇಲ್ಲವೋ ನೋಡುವುದಿಲ್ಲ, ಓಡುತ್ತಾನೆ. ಢಂ ಎಂದಾಗ ಕಾಗೆಗಳು ಒಂದು ದಿಕ್ಕಿಗೆ, ಗುದ್ಲೆಪ್ಪ ಇನ್ನೊಂದು ದಿಕ್ಕಿಗೆ. ಯಾರು ಯಾರನ್ನು ಓಡಿಸಿದರು ಎಂಬುದು ದೂರದಿಂದ ನೋಡಿದವರಿಗೆ ತಿಳಿಯುವುದಿಲ್ಲ.

ದಂಡಿನಮಾಳ ಎಂದರೆ ಶಿಗ್ಗಾಂವ, ಸವಣೂರುಗಳ ನಡುವಿನ ಎರಿಭೂಮಿ, ಕಪ್ಪು ಮಣ್ಣಿನ ನೆಲ. ದೊಡ್ಡ ಯುದ್ಧದ ಕಾಲಕ್ಕೆ ಮಿಲಿಟರಿಯವರು ಬಂದು, ನಿಂತ ಜೋಳವನ್ನು ಹಸಿಯಾಗಿಯೇ ಕೊಯ್ಯಿಸಿ, ಕಲ್ಲು ಗರಸು ಹಾಕಿಸಿ, ಇಮಾನ ಇಳಿಯುವ ಹಾದಿ ಮಾಡಿಸಿದರು. ವಿಮಾನಕ್ಕೆ ನಮ್ಮ ಕಡೆ ಇಮಾನ ಎನ್ನುವುದೇ ರೂಢಿ. ಅದರೊಳಗೆ ಒಮ್ಮೆ ಕೂತು ಬಂದವರು ಮಾತ್ರ ಆಮೇಲೆ ಫ್ಲೈಟ್ ಎನ್ನತೊಡಗುತ್ತಾರೆ. ಯುದ್ಧ ಮುಗಿದ ಮೇಲೆ ಹೊಲ ಬಿಟ್ಟುಕೊಡುತ್ತೇವೆ ಎಂದಿದ್ದರಂತೆ. ಯುದ್ಧ ಮುಗಿಯಿತು, ದಂಡೂ ಹೋಯಿತು. ಅದು ಹೋದದ್ದನ್ನು ಹೊಲಕ್ಕೆ ಮಾತ್ರ ಯಾರೂ ತಿಳಿಸಲಿಲ್ಲ. ಆಮೇಲೆ ಎಷ್ಟೋ ವರ್ಷ ಸುತ್ತಲಿನವರು ಆ ಹಾದಿಯ ಮೇಲೆ ಮೆಣಸಿನಕಾಯಿ ಒಣಗಿಸಿದರು, ಗೋವಿನಜೋಳ ಹರವಿದರು, ಸೈಕಲ್ ಕಲಿತು ಮೊಣಕಾಲು ಒಡೆದುಕೊಂಡರು. ಈಚೆಗೆ ಸರಕಾರಕ್ಕೆ ಅದು ನೆನಪಾಯಿತು. ಡಾಂಬರು ಬಿತ್ತು, ಸುತ್ತ ತಂತಿ ಬೇಲಿ ಬಂತು, ಅಕ್ಕಿಆಲೂರಿನ ಅಕ್ಕಿ ಗಿರಣಿಯಷ್ಟು ದೊಡ್ಡ ಕಟ್ಟಡವೊಂದು ಎದ್ದಿತು, ಬೆಂಗಳೂರಿನಿಂದ ದಿನಾ ಮಧ್ಯಾಹ್ನ ಒಂದು ಇಮಾನ ಬರತೊಡಗಿತು.

ಹೆಸರಿಡುವಾಗ ಜಗಳವಾಯಿತು. ಶಿಗ್ಗಾಂವದವರು ಹೆದ್ದಾರಿ ನಮ್ಮದು ಎಂದರು, ಸವಣೂರಿನವರು ನವಾಬರ ಕಾಲದ ಮಾತು ತೆಗೆದರು, ಹಾನಗಲ್ಲಿನವರು ಅದಕ್ಕಿಂತ ಹಿಂದಿನ ಶಾಸನ ತೆಗೆದರು. ಹಿರೇಕೆರೂರಿನವರು, ಇಮಾನ ಇಳಿಯುವ ಮೊದಲು ನಮ್ಮ ತಾಲ್ಲೂಕಿನ ಮೇಲೆಯೇ ಹಾದು ಬರುತ್ತದೆ, ಸಪ್ಪಳ ಕೇಳುವವರು ನಾವು, ಹೆಸರು ಬೇರೆಯವರದೇ ಎಂದು ಕೇಳಿದರು. ಕೊನೆಗೆ ಬೋರ್ಡಿನ ಮೇಲೆ ‘ಪ್ರಾದೇಶಿಕ ವಿಮಾನ ನಿಲ್ದಾಣ’ ಎಂದಷ್ಟೇ ಬರೆದು, ಹೆಸರಿಗೆಂದು ಮೇಲೆ ಜಾಗ ಖಾಲಿ ಬಿಟ್ಟರು. ಆ ಜಾಗದಲ್ಲಿ ಸದ್ಯಕ್ಕೆ ಕಾಗೆ ಕೂರುತ್ತದೆ.

ನಿಲ್ದಾಣದ ಮ್ಯಾನೇಜರ್ ಶಂಭುಲಿಂಗ ಅವರು. ನಮ್ಮ ಬಿಸಿಲಿನಲ್ಲಿ ಕೋಟು ಹಾಕುವ ಒಬ್ಬರೇ ಮನುಷ್ಯ. ಕೈಯಲ್ಲಿ ಸದಾ ವೈರ್‌ಲೆಸ್ ಇರುತ್ತದೆ; ಎದುರಿಗೇ ನಿಂತವರೊಡನೆಯೂ ಅದರಲ್ಲೇ ಮಾತಾಡುತ್ತಾರೆ. ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಓಡಿಸುವ ಗೌಸಸಾಬ, ಮೊದಮೊದಲು ಪಕ್ಕದಲ್ಲೇ ನಿಂತು ಸಾಹೇಬರ ಬಾಯಿಂದ ಒಂದು ಸಲ, ತನ್ನ ಸೊಂಟದಿಂದ ಇನ್ನೊಂದು ಸಲ ಅದೇ ಬೈಗುಳ ಕೇಳಿ, “ಸಾಹೇಬ್ರ, ಒಂದಽ ಸಲ ಬೈದ್ರ ಸಾಕ್ರಿ, ನಾ ಬಡವ” ಎಂದಿದ್ದ.

ಗುದ್ಲೆಪ್ಪನ ಅಂಗಿಯ ಬೆನ್ನ ಮೇಲೆ ‘ಪಕ್ಷಿ ನಿಯಂತ್ರಣ ಸಹಾಯಕ’ ಎಂದು ಬರೆದಿದೆ. ಅವನ ತಾಯಿ ಸುಶೀಲವ್ವ ಮಾತ್ರ “ನಮ್ಮಂವ ಹಕ್ಕಿ ಕಾಯ್ತಾನ” ಎನ್ನುತ್ತಿದ್ದಳು. ಅವಳ ಲೆಕ್ಕದಲ್ಲಿ ಅದೇನು ಹೊಸ ನೌಕರಿಯಲ್ಲ. ಈ ಇಮಾನದ ಹಾದಿ ಇರುವಲ್ಲೇ ಅವರ ಹೊಲವಿತ್ತು. ಅಲ್ಲಿ ಅಟ್ಟ ಕಟ್ಟಿ, ಕವಣೆ ಬೀಸಿ, ಹೋ ಹೋ ಎಂದು ಕೂಗಿ ಅವಳ ಅಪ್ಪ ಹಕ್ಕಿ ಕಾಯುತ್ತಿದ್ದ. ಈಗ ಮಗ ಅದೇ ನೆಲದಲ್ಲಿ ಕಾಯುತ್ತಾನೆ. ಆಗ ಜೋಳವಿತ್ತು, ಈಗ ಮಂದಿ ಇದ್ದಾರೆ, ಅಷ್ಟೇ.

ಗುದ್ಲೆಪ್ಪನನ್ನು ಕೊಲ್ಲುತ್ತಿದ್ದುದೇ ಆ ಮಂದಿಯ ವಿಚಾರ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹೊರಗಿನಿಂದ ಬಂದವರೊಬ್ಬರು ಗೋಡೆಯ ಮೇಲೆ ಒಂದು ಸಿನಿಮಾ ತೋರಿಸಿದ್ದರು. ಒಂದೇ ಒಂದು ಹಕ್ಕಿ ಇಮಾನದ ಇಂಜಿನ್ನಿನೊಳಗೆ ಹೋಗುತ್ತದೆ, ಮರುಗಳಿಗೆಗೆ ಬೆಂಕಿ. ದೀಪ ಹಾಕಿದಾಗ ಗೌಸಸಾಬ ಬೀಡಿ ಹಚ್ಚಲು ಹೊರಗೆ ಹೋದ. ಗುದ್ಲೆಪ್ಪನಿಗೆ ಕುರ್ಚಿಯಿಂದ ಏಳಲಾಗಲಿಲ್ಲ. ಅಂದಿನಿಂದ ಇಮಾನದ ಸಪ್ಪಳ ಕಿವಿಗೆ ಬಿದ್ದದ್ದೇ ಅವನ ಅಂಗೈ ಬೆವರುತ್ತದೆ. ಹಿರೇಕೆರೂರಿನ ಕಡೆಯ ಆಕಾಶದಲ್ಲಿ ಬಿಳಿಯ ಚುಕ್ಕೆ ಕಾಣುತ್ತದೆ, ಚುಕ್ಕೆಗೆ ರೆಕ್ಕೆ ಮೂಡುತ್ತವೆ, ಹೊಟ್ಟೆಯಿಂದ ಗಾಲಿ ಇಳಿಯುತ್ತವೆ. ಅಷ್ಟು ಹೊತ್ತೂ ಅವನು ಉಸಿರು ಬಿಡುವುದಿಲ್ಲ. ಗಾಲಿ ನೆಲಕ್ಕೆ ತಾಗಿ ಹೊಗೆ ಎದ್ದ ಮೇಲೆಯೇ ನೆಲಕ್ಕೆ ಕೂರುತ್ತಾನೆ.

ಈ ಭಯದ ಬೇರು ಮಾತ್ರ ಸಿನಿಮಾಕ್ಕಿಂತ ಹಿಂದಿನದು, ತಾಯಿಯಿಂದ ಬಂದದ್ದು. ದಂಡಿನ ಕಾಲದಲ್ಲಿ ಸುಶೀಲವ್ವ ಸಣ್ಣ ಹುಡುಗಿ. ಇದೇ ಹಾದಿಗೆ ತಲೆಯ ಮೇಲೆ ಗರಸು ಹೊತ್ತವಳು. ಒಂದು ದಿನ ಬುಟ್ಟಿ ಇಳಿಸುವ ಹೊತ್ತಿಗೆ ಇಮಾನವೊಂದು ಓರೆಯಾಗಿ ಬಂದು ಹಾದಿಯ ತುದಿಗೆ ಬಿದ್ದು ಉರಿಯಿತಂತೆ. ಅದನ್ನು ಅವಳು ಎಂದೂ ಪೂರ್ತಿ ಹೇಳಲಿಲ್ಲ. ಮಗ ಕೇಳಿದಾಗಲೆಲ್ಲ ಒಂದೇ ಮಾತು: “ಅದರಾಗ ಮಂದಿ ಇದ್ರು.” ಹೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ಹೀಗಾಗಿ ಮಧ್ಯಾಹ್ನವಾದರೆ ಅವಳು ಹಿತ್ತಲಿಗೆ ಬಂದು, ಹಣೆಗೆ ಅಂಗೈ ಅಡ್ಡ ಹಿಡಿದು ನಿಲ್ಲುವಳು. ಸೊಸೆ ಸವಿತಾ ರೊಟ್ಟಿ ಬಡಿದಿಟ್ಟು ಕರೆದರೂ ಬರುವವಳಲ್ಲ.

“ಬರ್ರೀ ಅತ್ತಿ, ರೊಟ್ಟಿ ಆರಾಕತ್ತಾವು.”

“ಇಳೀತೇನ?”

“ಇನ್ನೂ ಬಂದಽ ಇಲ್ರಿ. ಹೊತ್ತಾಗೇತಂತ.”

“ಹಂಗಾದ್ರ ನಂದೂ ಹೊತ್ತಾಗ್ಲಿ.”

ಬೆಂಗಳೂರಿನಲ್ಲಿ ಮಂಜು ಬಿದ್ದರೆ ದಂಡಿನಮಾಳದ ಮುದುಕಿ ಉಪವಾಸ. ಇಮಾನ ಇಳಿದು ಸಪ್ಪಳ ನಿಂತ ಮೇಲೆಯೇ ಅವಳು ತಾಟಿನ ಮುಂದೆ ಕೂರುತ್ತಿದ್ದುದು.

ಇಷ್ಟರ ನಡುವೆ ಗುದ್ಲೆಪ್ಪನಿಗೆ ಇನ್ನೊಂದು ಭಯ ಗಂಟುಬಿದ್ದಿತ್ತು. ಒಂದು ದಿನ ಸಾದಾ ಅಂಗಿಯಲ್ಲಿ ಸವಣೂರಿನ ಸಂತೆಗೆ ಹೋಗಿ ತಾಯಿಗೆ ವೀಳ್ಯದೆಲೆ ಆರಿಸುತ್ತಿದ್ದಾಗ, ಅಂಗಡಿಯ ತಗಡಿನ ಮೇಲೆ ಒಂದು ಕಾಗೆ ಬಂದು ಕೂತು ಅವನನ್ನೇ ನೋಡಿ ಅರಚತೊಡಗಿತು. ಇನ್ನೊಂದು ಬಂತು, ಮತ್ತೊಂದು ಬಂತು. ಅವನು ಮುಂದಿನ ಅಂಗಡಿಗೆ ಹೋದರೆ ಅವೂ ಮುಂದಿನ ತಗಡಿಗೆ. ಎಲೆ ಮಾರುವವನು ಕಟ್ಟು ಕೈಗಿಟ್ಟು, “ಲಗೂ ಹೋಗು ಮಾರಾಯಾ, ಏನ ಪಾಪ ಮಾಡಿ ಬಂದೀಯೋ, ನನ್ನ ಗಿರಾಕಿ ಓಡಾಕತ್ತಾವು” ಎಂದ. ಗುದ್ಲೆಪ್ಪ ಅಂಗಿ ಬದಲಿಸಿ ನೋಡಿದ, ಟೊಪ್ಪಿಗೆ ಹಾಕಿ ನೋಡಿದ. ಕಾಗೆಗಳು ಮುಖ ಗುರುತಿಟ್ಟಿದ್ದವು. ಪಟಾಕಿಯವನು ಎಂದು ಒಂದರ ಬಾಯಿಂದ ಇನ್ನೊಂದಕ್ಕೆ ಸುದ್ದಿ ಹೋಗಿ, ಸುತ್ತಲಿನ ಆಕಾಶದಲ್ಲೆಲ್ಲ ಅವನು ಹೆಸರುವಾಸಿಯಾಗಿದ್ದ. ಊರ ಮಂದಿ ಅದನ್ನು ಶಕುನವೆಂದರು. ಅವನು ಯಾರಿಗೂ ಏನೂ ಹೇಳದೆ, ಕಾಗೆ ಕಂಡರೆ ತಲೆ ತಗ್ಗಿಸಿ ನಡೆಯುವುದನ್ನು ರೂಢಿ ಮಾಡಿಕೊಂಡ.

ಸುಶೀಲವ್ವ ಮೊನ್ನೆ ತೀರಿಕೊಂಡಳು. ತೊಂಬತ್ತು ದಾಟಿದ ಜೀವ, ಎಲೆ ಅಡಿಕೆ ಹಾಕಿಕೊಂಡು ಮಲಗಿದವಳು ಏಳಲಿಲ್ಲ. ದಂಡಿನವರು ತೆಗೆದುಕೊಳ್ಳದೆ ಬಿಟ್ಟ ಒಂದು ತುಂಡು ಹೊಲ ಬೇಲಿಯ ಹೊರಗೆ, ಇಮಾನದ ಹಾದಿಯ ತುದಿಗೇ ಇದೆ. ಅಲ್ಲೇ ಮಣ್ಣು ಕೊಟ್ಟರು.

ಮೂರನೆಯ ದಿನ ಹಾಲು ತುಪ್ಪ. ಗೋರಿಯ ಮುಂದೆ ಬಾಳೆ ಎಲೆ ಹಾಸಿ, ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು ದೂರ ಸರಿದು ನಿಲ್ಲಬೇಕು. ಕಾಗೆ ಬಂದು ಮುಟ್ಟಿದರೆ ಸತ್ತವರು ಉಂಡು ಸಮಾಧಾನವಾಗಿ ಹೋದರು ಎಂದರ್ಥ. ಮುಟ್ಟದಿದ್ದರೆ ಜೀವಕ್ಕೆ ಏನೋ ಆಸೆ ಉಳಿದಿದೆ, ಅದು ಮನೆಯ ಸುತ್ತಲೇ ಅಲೆಯುತ್ತದೆ. ಕಾಗೆ ಮುಟ್ಟುವ ತನಕ ಮನೆಯವರು ಯಾರೂ ನೀರು ಕೂಡ ಕುಡಿಯುವಂತಿಲ್ಲ.

ಸವಿತಾ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಸಜ್ಜಕ, ಮುದುಕಿಗೆ ಹಲ್ಲಿಲ್ಲದಿದ್ದರೂ ಚಪಲವಿದ್ದ ಸವಣೂರಿನ ಖಾರಾ, ಒಂದು ಬಟ್ಟಲು ಚಹಾ, ಎಲೆ ಅಡಿಕೆ ತಂಬಾಕು, ಎಲ್ಲ ಇಟ್ಟಳು. ಊದಿನಕಡ್ಡಿ ಹಚ್ಚಿದರು. ಒಬ್ಬನೇ ಮಗನಾದ್ದರಿಂದ ಗುದ್ಲೆಪ್ಪ ಎಲ್ಲರಿಗಿಂತ ಮುಂದೆ, ಬರಿಮೈಯಲ್ಲಿ ಕೈ ಮುಗಿದು ನಿಂತ. ಹಿಂದೆ ಅವನ ಅಕ್ಕ ಶೈಲಾ. ತಿಳವಳ್ಳಿಗೆ ಕೊಟ್ಟ ಹೆಣ್ಣುಮಗಳು. ಬೆಳಿಗ್ಗೆ ತಿಳವಳ್ಳಿಯಿಂದ ಬರುವಾಗ ಬಸ್ಸಿನ ತುಂಬ ಮಂದಿಗೆ ಒಂದು ಸುದ್ದಿ ಹೇಳಿಕೊಂಡೇ ಬಂದಿದ್ದಳು. ಅವಳ ಮಗಳು ಅಂಕಿತಾ ಕೋಲಾರದ ಕಡೆ ಆಸ್ಪತ್ರೆಯೊಂದರಲ್ಲಿ ನರ್ಸು, ಮಣ್ಣಿಗೆ ಬರಲು ರಜೆ ಸಿಕ್ಕಿರಲಿಲ್ಲ, ಇವತ್ತು ಬರುತ್ತಾಳೆ, ಅದೂ ಹೇಗೆ?

“ಇಮಾನದಾಗ ಬರಾಕತ್ತಾಳ ನಮ್ಮ ಅಂಕಿತಾ. ಮಧ್ಯಾಹ್ನದ್ದರಾಗ. ಕಿಟಕಿ ಬಾಜೂಕ ಸೀಟು ತಗೊಂಡಾಳ.”

ಕಂಡಕ್ಟರನಿಗೂ ಹೇಳಿದ್ದಳಂತೆ. ಅವನು ಚಿಲ್ಲರೆ ಕೊಡುವುದನ್ನು ಮರೆತಿದ್ದ.

ಬೇಲಿಯ ತಂತಿಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು. ಜಾಲಿಯ ಗಿಡದ ತುಂಬ ಕೂತಿದ್ದವು. ಒಂದೂ ಕೂಗಲಿಲ್ಲ, ಒಂದೂ ಕೆಳಗಿಳಿಯಲಿಲ್ಲ. ಎಲ್ಲವೂ ಕೊರಳು ಓರೆ ಮಾಡಿ ಗುದ್ಲೆಪ್ಪನನ್ನೇ ನೋಡುತ್ತಿದ್ದವು. ಅವನು ತಲೆ ತಗ್ಗಿಸಿದ. ತಗ್ಗಿಸಿದರೆ ಎದುರಿಗೆ ತಾಯಿಯ ಗೋರಿ, ಮಣ್ಣು ಇನ್ನೂ ಹಸಿ. ಎಲ್ಲಿ ನೋಡಬೇಕೋ ತಿಳಿಯದೆ ಕಣ್ಣು ಮುಚ್ಚಿದ. ಮುಚ್ಚಿದರೆ ಆ ಗೋಡೆಯ ಮೇಲಿನ ಸಿನಿಮಾ.

ಸಜ್ಜಕದ ಮೇಲೆ ನೊಣ ಕೂತವು. ಚಹಾದ ಮೇಲೆ ಕೆನೆ ಕಟ್ಟಿತು. ಹಿಂದೆ ಗುಸುಗುಸು ಶುರುವಾಯಿತು.

“ಮುದುಕಿಗೆ ಏನೋ ಆಶಾ ಉಳದೈತಿ” ಎಂದ ಫಕ್ಕೀರೇಶ. ಇವನು ಊರ ಹಿರಿಯ, ಹಿಂದೊಮ್ಮೆ ಪಂಚಾಯ್ತಿ ಮೆಂಬರು. ಈ ಇಮಾನದ ನಿಲ್ದಾಣ ತನ್ನ ಓಡಾಟದಿಂದಲೇ ಬಂದದ್ದು ಎಂದು ಅವನೊಬ್ಬನಿಗೆ ಖಚಿತವಾಗಿ ಗೊತ್ತಿದೆ. ಮುಂದೆ ಬಂದು, ಸಭೆಯಲ್ಲಿ ಮೈಕು ಸರಿಮಾಡಿಕೊಳ್ಳುವಂತೆ ಹೆಗಲ ಟವೆಲ್ ಸರಿಮಾಡಿಕೊಂಡ. “ಏ ಅತ್ತಿ, ಕೇಳಿಲ್ಲಿ. ನಿನ್ನ ಹೆಸರ್ಲೆ ಇಲ್ಲೊಂದು ಬಸ್‌ಸ್ಟ್ಯಾಂಡ್ ಕಟ್ಟಸ್ತೇನಿ. ಫಕ್ಕೀರೇಶ ಮಾತು ಕೊಟ್ಟಾನಂದ್ರ ಆತು. ಬಾ, ಮುಟ್ಟು.”

ತಂತಿಯ ಮೇಲಿನ ಕಾಗೆಯೊಂದು ಕೊಕ್ಕನ್ನು ಆ ಕಡೆ ಈ ಕಡೆ ಒರೆಸಿಕೊಂಡಿತು.

“ಅಕೀನೂ ಓಟು ಹಾಕಿದಾಕಿ ಅದಾಳೋ ಫಕ್ಕೀರೇಶ, ಹೋದ ಇಲೆಕ್ಷನ್ನದಾಗೂ ಇದಽ ಬಸ್‌ಸ್ಟ್ಯಾಂಡ್ ಹೇಳಿದ್ದಿ” ಎಂದಳು ಹಿಂದಿನಿಂದ ಒಬ್ಬಳು ಮುದುಕಿ.

ಶೈಲಾ ಕಣ್ಣೊರೆಸಿಕೊಂಡು ಮುಂದೆ ಬಂದಳು. “ಯವ್ವಾ, ನಿನ್ನ ಬುಗುಡಿ ನಾ ಒಯ್ಯೂದಿಲ್ಲ. ಸವಿತಾಗಽ ಕೊಡ್ತೇನಿ. ಬಾರವ್ವಾ.”

ಒಂದು ಕಾಗೆ ರೆಕ್ಕೆ ಬಿಚ್ಚಿತು. ಎಲ್ಲರೂ ಉಸಿರು ಹಿಡಿದರು. ಮತ್ತೆ ಮುಚ್ಚಿಕೊಂಡಿತು.

“ಗುಂಡಿನ ಸರದ್ದೂ ಹೇಳ ಶೈಲಾ” ಎಂದು ಯಾರೋ ಪಿಸುಗುಟ್ಟಿದರು.

“ಅದು ಅವ್ವ ಕೈಯಾರೆ ನನಗ ಕೊಟ್ಟದ್ದು” ಎಂದಳು ಶೈಲಾ, ಅಳು ನಿಲ್ಲಿಸಿ.

ಗುದ್ಲೆಪ್ಪ ಲೆಕ್ಕ ಹಾಕಿದ. ತಾಯಿಗೆ ಏನು ಆಸೆ ಇತ್ತು? ಹೊಲವೇ ಇರಬೇಕು. ದಂಡಿನವರು ಹೊಲ ಯಾವಾಗ ಬಿಡುತ್ತಾರೆ ಎಂದು ಸಾಯುವ ತನಕ ಕೇಳುತ್ತಿದ್ದಳು. ಅವನು, “ಹೊಲ ಬಿಡಿಸ್ತೇನಿ ಯವ್ವಾ. ಮತ್ತ ಜ್ವಾಳ ಬಿತ್ತೂಣು” ಎಂದುಬಿಟ್ಟ. ಹೀಗೆ ದಿನಗೂಲಿಯ ನೌಕರನೊಬ್ಬ ಇಡೀ ವಿಮಾನ ನಿಲ್ದಾಣವನ್ನು ಕಿತ್ತು ಜೋಳ ಬಿತ್ತುವ ಮಾತು ಕೊಟ್ಟ. ಕಾಗೆಗಳು ಅದನ್ನೂ ನಂಬಲಿಲ್ಲ.

“ಇವು ಹಿಂಗ ಬರೂದಿಲ್ಲ” ಎಂದ ಫಕ್ಕೀರೇಶ. “ಮೊದಲ ನೆಲಕ್ಕ ಇಳಸ್ಬೇಕು. ರುಚಿ ಹತ್ತಿತಂದ್ರ ಎಡಿಗೂ ಬರ್ತಾವು. ಬೇಲಿ ಆಚೆ ಒಗೀರಿ ನಾಕು ಮಂಡಕ್ಕಿ.”

ಬಂದ ಹೆಂಗಸರ ಬುಟ್ಟಿಗಳಲ್ಲಿ ಮಂಡಕ್ಕಿ ಇತ್ತು, ಅನ್ನವಿತ್ತು, ಮಿರ್ಚಿಭಜಿ ಇತ್ತು. ಹಸಿದ ಮಂದಿ, ಕೆಲಸ ಬೇಗ ಮುಗಿಯಲಿ ಎಂದು ಎಲ್ಲರೂ ಹಿಡಿ ಹಿಡಿ ತೆಗೆದು ತಂತಿಯ ಮೇಲಿಂದ ಆಚೆ ಎಸೆದರು. ಫಕ್ಕೀರೇಶ ಕಾ ಕಾ ಎಂದು ಗಂಟಲು ಹರಿಯುವಂತೆ ಕರೆದ. ಆಗ ಇಳಿದವು. ಜಾಲಿಯ ಗಿಡದಿಂದ, ಕಂಬಗಳಿಂದ, ಆ ಬೋರ್ಡಿನ ಮೇಲಿಂದ, ಸವಣೂರಿನ ಕಡೆಯಿಂದ, ಎಲ್ಲೆಲ್ಲಿಂದಲೋ ಬಂದವು. ನೋಡುನೋಡುತ್ತ ಬೇಲಿಯಾಚೆಯ ಹುಲ್ಲು ಕಪ್ಪಾಯಿತು. ಅಲ್ಲಿಂದ ಕೂಗಳತೆಯಲ್ಲಿ ಡಾಂಬರಿನ ಹಾದಿ ಶುರುವಾಗುತ್ತದೆ. ಇಮಾನ ತಲೆಯ ಮೇಲಿಂದ ತಗ್ಗಾಗಿ ಬಂದು ಗಾಲಿ ಊರುವ ಜಾಗ ಅದು.

“ನೋಡ್ರಿ! ಹೆಂಗ ಬಂದ್ವು!” ಎಂದು ಫಕ್ಕೀರೇಶ ಎಲ್ಲರ ಮುಖ ನೋಡಿದ.

ಎಡೆಗೆ ಮಾತ್ರ ಒಂದೂ ಬರಲಿಲ್ಲ. ಅದೇ ಹೊತ್ತಿಗೆ ಹಿರೇಕೆರೂರಿನ ಕಡೆಯಿಂದ ಆ ಸಪ್ಪಳ ಕೇಳಿಸಿತು.

ಗುದ್ಲೆಪ್ಪನಿಗೆ ಕಿವಿಗಿಂತ ಮೊದಲು ಅಂಗೈಗೆ ತಿಳಿಯಿತು. ತಿರುಗಿ ನೋಡಿದ. ಚುಕ್ಕೆ. ಬೇಲಿಯ ಒಳಗೆ ಇವತ್ತು ಅವನ ಬದಲಿ ಕೆಲಸಕ್ಕಿದ್ದ ಗೌಸಸಾಬ ಪಟಾಕಿಯ ಡಬ್ಬಿ ಹಿಡಿದು, ಬೇಲಿಯ ಪಕ್ಕ ಸುಮ್ಮನೆ ನಿಂತಿದ್ದ. ಅವನ ಸೊಂಟದ ವೈರ್‌ಲೆಸ್ಸಿನಲ್ಲಿ ಶಂಭುಲಿಂಗ ಸಾಹೇಬರು ಒದರುತ್ತಿದ್ದರು.

“ಗೌಸಸಾಬ! ಏನ ನೋಡಾಕತ್ತಿ? ಹೊಡಿ!” ಎಂದು ಗುದ್ಲೆಪ್ಪ ಕೂಗಿದ.

ಗೌಸಸಾಬನ ಕಣ್ಣಲ್ಲಿ ನೀರಿತ್ತು. “ಹೆಂಗ ಹೊಡೀಲಿ ಅಣ್ಣಾ? ಇದರಾಗ ಯಾವುದು ಅವ್ವ ಐತೋ ಏನೋ. ದಿನಾ ನನಗ ರೊಟ್ಟಿ ಕೊಟ್ಟಾಕಿ. ನನ್ನ ಕೈಲೆ ಆಗೂದಿಲ್ಲ.”

ಚುಕ್ಕೆಗೆ ರೆಕ್ಕೆ ಮೂಡಿದ್ದವು.

“ಡಬ್ಬಿ ಕೊಡು.”

“ಅಣ್ಣಾ…”

“ಕೊಡಽ ಇಲ್ಲಿ!”

ಗೌಸಸಾಬ ಮುಖ ಆ ಕಡೆ ತಿರುಗಿಸಿ ಡಬ್ಬಿಯನ್ನು ಬೇಲಿಯ ಸಂದಿನಿಂದ ಕೊಟ್ಟ. ಬೆಂಕಿಪೆಟ್ಟಿಗೆ ಕೊಡುವುದು ಅವನಿಗೆ ನೆನಪಾಗಲಿಲ್ಲ, ಕೇಳುವುದು ಇವನಿಗೆ ನೆನಪಾಗಲಿಲ್ಲ. ಗುದ್ಲೆಪ್ಪ ಓಡಿ ಬಂದು ತಾಯಿಯ ಎಡೆಯ ಮುಂದೆ ಉರಿಯುತ್ತಿದ್ದ ಊದಿನಕಡ್ಡಿಗಳನ್ನು ಕಿತ್ತುಕೊಂಡ. ಜನ ಹೋ ಎಂದರು. ಶೈಲಾ ಬಂದು ಅವನ ರಟ್ಟೆ ಹಿಡಿದಳು.

“ಏ ಗುದ್ಲ್ಯಾ, ಹುಚ್ಚ ಹಿಡೀತೇನ ನಿನಗ? ಈಗರ ನೆಲಕ್ಕ ಇಳದಾವು. ಅವ್ವ ಉಪಾಸ ಹೊಕ್ಕಾಳೋ! ಮಗಾಗಿ ಅವ್ವನ ಮ್ಯಾಲೆ ಪಟಾಕಿ ಹೊಡೀತೀಯೇನೋ?”

“ಕೈ ಬಿಡ ಅಕ್ಕಾ.”

“ಬಿಡೂದಿಲ್ಲ.”

“ಅಕ್ಕಾ, ಅದರಾಗ ಮಂದಿ ಅದಾರ.” ಊದಿನಕಡ್ಡಿ ಹಿಡಿದ ಕೈಯಿಂದ ಆಕಾಶ ತೋರಿಸಿದ. “ಅದರಾಗ ನಿನ್ನ ಅಂಕಿತಾ ಅದಾಳ.”

ಬೆಳಗಿನಿಂದ ಊರಿಗೆಲ್ಲ ಹೇಳಿದ್ದ ಆ ಸುದ್ದಿ ಶೈಲಾಳಿಗೆ ಆಗ ತಿಳಿಯಿತು. ಕೈ ತಾನಾಗಿ ಸಡಿಲವಾಯಿತು.

ಕಿವಿಯಲ್ಲಿ ಹತ್ತಿ ಇರಲಿಲ್ಲ. ತೊಗರಿಕಟ್ಟಿಗೆ ಇರಲಿಲ್ಲ. ಮುಖ ತಿರುಗಿಸಿದರೆ ಗುರಿ ತಪ್ಪುತ್ತದೆ, ಆದ್ದರಿಂದ ಕಣ್ಣು ತೆರೆದೇ ಬತ್ತಿಗೆ ಕೆಂಡ ಮುಟ್ಟಿಸಿದ. ಮೊದಲನೆಯದನ್ನು ಹೆದರಿಕೆಯಲ್ಲಿ ಹೊತ್ತುವ ಮೊದಲೇ ಎಸೆದ. ಅದು ಹುಲ್ಲಿನಲ್ಲಿ ಬಿದ್ದು ಸುಮ್ಮನಾಯಿತು. ಕಾಗೆಗಳು ತಲೆ ಕೂಡ ಎತ್ತಲಿಲ್ಲ. ಎರಡನೆಯದನ್ನು ಕೈಯಲ್ಲೇ ಹಿಡಿದ. ಬತ್ತಿ ಸುರ್ ಎಂದು ಬೆರಳಿನ ಕಡೆ ಬರುತ್ತಿತ್ತು. ಸುಟ್ಟಿತು. ಬಿಡಲಿಲ್ಲ. ತಲೆಯ ಹಿಂದೆ ಇಮಾನದ ಸಪ್ಪಳ ಬೆಳೆದು ಬೆಳೆದು ಗೋರಿಯ ಮೇಲಿನ ಸಣ್ಣ ಹರಳು ಉರುಳತೊಡಗಿದವು. ಕವಣೆ ಬೀಸುವ ಹಾಗೆ ತೋಳು ತಿರುಗಿಸಿ ಎಸೆದ.

ಢಂ!

ನೆಲವೇ ಎದ್ದಂತೆ ಕಾಗೆಗಳು ಎದ್ದವು. ಎದ್ದ ಕಪ್ಪು ಕಂಬಳಿ ನೇರ ಇಮಾನದ ಕಡೆಗೇ ಹೊರಳಿತು. ಬಿಳಿಯ ಹೊಟ್ಟೆ, ಇಳಿಬಿಟ್ಟ ಗಾಲಿಗಳು, ತಿರುಗುವ ಫ್ಯಾನುಗಳು, ಇಷ್ಟು ಹತ್ತಿರದಿಂದ ಗುದ್ಲೆಪ್ಪ ಎಂದೂ ನೋಡಿರಲಿಲ್ಲ. ಇನ್ನೊಂದು ಹಚ್ಚಿದ, ಎಸೆದ, ಮತ್ತೊಂದು ಹಚ್ಚಿದ. ಹೋ ಹೋ ಎಂದು ಅಜ್ಜನ ಕೂಗು ಕೂಗುತ್ತ ಬೇಲಿಯುದ್ದಕ್ಕೂ ಓಡಿದ. ಕಪ್ಪು ಕಂಬಳಿ ನಡುವೆ ಹರಿಯಿತು. ಅರ್ಧ ಸವಣೂರಿನ ಕಡೆ, ಅರ್ಧ ಶಿಗ್ಗಾಂವದ ಕಡೆ. ಒಂದೇ ಒಂದು ಕಾಗೆ ಹಿಂದುಳಿದು, ರೆಕ್ಕೆಯ ಬುಡಕ್ಕೆ ಹೋಗಿ, ಕಾಣದಾಯಿತು.

ಗಾಲಿ ತಾಗಿದವು. ಹೊಗೆ ಎದ್ದಿತು. ಅದು ಗಾಲಿಯದ್ದೇ ಹೊಗೆ ಎಂದು ಗುದ್ಲೆಪ್ಪ ಖಾತ್ರಿಮಾಡಿಕೊಳ್ಳುವ ಹೊತ್ತಿಗೆ ಇಮಾನ ಹಾದಿಯ ಆ ತುದಿಗೆ ಹೋಗಿ ನಿಧಾನವಾಗಿ ತಿರುಗುತ್ತಿತ್ತು. ಆ ಕಾಗೆ ಈ ಕಡೆಯಿಂದ ಹೊರಬಿದ್ದು, ಅರಚುತ್ತ ಜಾಲಿಯ ಗಿಡಕ್ಕೆ ಬಂದು ಕೂತಿತು. ಗುದ್ಲೆಪ್ಪ ಇದ್ದಲ್ಲೇ ಕೂತ.

ಗೋರಿಯ ಹತ್ತಿರದ ಜನ ಬಾಳೆ ಎಲೆಯ ಕಡೆ ತಿರುಗಿದರು. ಎಡೆ ಹಾಗೇ ಇತ್ತು. ಗುದ್ಲೆಪ್ಪ ತಿರುಗಿ ಬಂದಾಗ ಜನ ಅವನಿಗೆ ದಾರಿ ಬಿಟ್ಟರು, ಸೂತಕದವನಿಗೆ ಬಿಡುವುದಕ್ಕಿಂತ ಒಂದಿಷ್ಟು ಜಾಸ್ತಿಯೇ ದೂರ ಸರಿದು. “ಇನ್ನ ಅಕಿ ಬರೂದಿಲ್ಲ” ಎಂದು ಯಾರೋ ಅಂದರು. ಫಕ್ಕೀರೇಶ, ತಾನು ಹೇಳಿದ್ದು ನಾಲ್ಕೇ ಮಂಡಕ್ಕಿ ಒಗೆಯಲು, ಹಿಡಿಗಟ್ಟಲೆ ಒಗೆದವರು ಇವರೇ ಎಂದು ಎಲ್ಲರಿಗೂ ನೆನಪು ಮಾಡಿಕೊಟ್ಟ.

ಗುದ್ಲೆಪ್ಪನ ಸುಟ್ಟ ಬೆರಳು ನೋಡಲಿಲ್ಲ ಯಾರೂ. ಸವಿತಾ ನೋಡಿದಳು. ನೋಡಿ, ಹತ್ತಿರ ಬಂದು ಮೆಲ್ಲಗೆ ಹೇಳಿದಳು.

“ಏನ್ರಿ, ಎಲ್ಲಾರೂ ಇಮಾನ ನೋಡಾಕತ್ತಿದ್ರು. ನಾ ಎಡಿ ನೋಡಾಕತ್ತಿದ್ದೆ. ನೀವು ಬೇಲಿ ಗುಂಟ ಆ ಕಡೆ ಓಡಿದ್ರಿ ನೋಡ್ರಿ, ಆಗ ಒಂದು ಬಂದಿತ್ತು. ಇಲ್ಲೇ, ಎಲಿ ಹಂತ್ಯಾಕ. ನೀವು ಹೊಳ್ಳಿ ಬರೂದು ನೋಡಿ ಹಾರಿ ಹೋತು.”

ಗುದ್ಲೆಪ್ಪನಿಗೆ ಸಂತೆಯ ತಗಡಿನ ಮೇಲಿನ ಕಾಗೆಗಳು ನೆನಪಾದವು. ಒಬ್ಬನೇ ಮಗ ಮುಂದೆ ನಿಲ್ಲಬೇಕು; ಮುಂದೆ ನಿಂತರೆ ತಾಯಿ ಉಪವಾಸ.

“ಅವಕ್ಕ ಅತ್ತಿ ಮ್ಯಾಲೆ ಸಿಟ್ಟಿಲ್ರಿ. ನಿಮ್ಮ ಮಾರಿ ಬ್ಯಾಡಾಗೇತಿ” ಎಂದಳು ಸವಿತಾ. ಹೋಗಿ ಎಡೆಯ ಸಾಮಾನು ತಂದ ಗಾಡಿಯಲ್ಲಿದ್ದ ಕಂಬಳಿ ತಂದು, ಮಳೆಗೆ ಹಾಕುವ ಹಾಗೆ ಕೊಪ್ಪೆ ಮಾಡಿ, ಗಂಡನ ತಲೆಗೆ ಹಾಕಿ ಮುಖ ಮುಚ್ಚಿದಳು. ಗೋರಿಯ ಕಡೆ ಬೆನ್ನು ಮಾಡಿ, ಇಮಾನದ ಕಡೆ ಮುಖ ಮಾಡಿ ಕೂರಿಸಿದಳು. “ಮಿಸುಕಬ್ಯಾಡ್ರಿ.”

ಮಧ್ಯಾಹ್ನದ ಬಿಸಿಲಲ್ಲಿ ಕಂಬಳಿಯೊಳಗೆ ಬೆವರು, ಕತ್ತಲು, ಕುರಿಯ ವಾಸನೆ. ಹೊರಗಿನದು ಕಿವಿಗೆ ಬಿದ್ದಷ್ಟೇ. ಗೌಸಸಾಬನ ಟ್ರ್ಯಾಕ್ಟರ್ ಬಂದು ನಿಂತಿತು. ಅದರಿಂದ ಇಳಿದ ಅಂಕಿತಾಳ ದನಿ ಕೇಳಿಸಿತು, ಶೈಲಾ ಅವಳನ್ನು ತಬ್ಬಿಕೊಂಡು ಅತ್ತದ್ದು ಕೇಳಿಸಿತು.

“ಯಾಕವ್ವಾ, ಹಿಂಗ್ಯಾಕ ಹಿಡಕೊಂಡಿ ನನ್ನ? ಅಜ್ಜಿ ಎಡಿ ಆತೇನು? ಕೆಳಗ ಪಟಾಕಿ ಹೊಡೀತಿದ್ರಲ್ಲ, ಯಾರಿಗೆ? ನನ್ನ ಮುಂದಿನ ಸೀಟಿನಾಗ ಒಬ್ಬ ಲೀಡರು ಕುಂತಿದ್ರು. ‘ಬ್ಯಾಡ ಬ್ಯಾಡ ಅಂದ್ರೂ ಕೇಳೂದಿಲ್ಲ ನಮ್ಮ ಹುಡುಗ್ರು’ ಅಂತ ಕಿಟಕ್ಯಾಗಿಂದ ಕೈ ಮುಗದಽ ಮುಗದ್ರು.”

ಯಾರೋ ಮುಸುಮುಸು ನಕ್ಕರು. ಶ್ಶ್ ಎಂದಳು ಸವಿತಾ.

ಗಾಳಿ ಬಾಳೆ ಎಲೆಯ ಅಂಚನ್ನು ಪಟಪಟ ಬಡಿಯುತ್ತಿತ್ತು. ಆಮೇಲೆ ಬೆನ್ನ ಹಿಂದೆ ರೆಕ್ಕೆಯ ಸಪ್ಪಳ. ನೌಕರಿಗೆ ಸೇರಿದಾಗಿನಿಂದ ಈ ಸಪ್ಪಳ ಕೇಳಿದ್ದೇ ಎದ್ದು ಓಡಿಸಿದವನು ಗುದ್ಲೆಪ್ಪ. ಕಾಲುಗಳು ತಾವಾಗಿ ಏಳಲು ನೋಡಿದವು. ಮೊಣಕಾಲನ್ನು ಎರಡೂ ಕೈಯಿಂದ ಒತ್ತಿ ಹಿಡಿದ. ಇನ್ನೊಂದು ಜೊತೆ ರೆಕ್ಕೆ. ಉಗುರು ಒಣ ಮಣ್ಣಿನ ಮೇಲೆ ಕುಪ್ಪಳಿಸಿದ್ದು ಕೇಳಿಸಿತು, ಹತ್ತಿರ, ಇನ್ನೂ ಹತ್ತಿರ. ಈಗ ತನ್ನ ಕತ್ತಿಗೇ ಕೊಕ್ಕು ಬೀಳುತ್ತದೆ ಎಂದು ಅವನು ಹಲ್ಲು ಕಚ್ಚಿದ.

ಖಾರಾ ಕುರುಕ್ ಎಂದಿತು.

“ಮುಟ್ಟಿತು!” ಎಂದು ಜನ ಒಮ್ಮೆಲೇ ಉಸಿರು ಬಿಟ್ಟರು. “ಬುಗುಡಿ ಮಾತಿಗೆ ಬಂದ್ಳು” ಎಂದಿತು ಒಂದು ದನಿ. “ಬಸ್‌ಸ್ಟ್ಯಾಂಡ್ ಅಂದ್ರ ಸುಮ್ನ ಅಲ್ಲ” ಎಂದ ಫಕ್ಕೀರೇಶ.

“ಏನ ಮಾತಾಡ್ತೀರಿ ನೀವು” ಎಂದ ಗೌಸಸಾಬ. “ಇಮಾನ ಇಳೀದನಽ ಅವ್ವ ಎಂದರ ಉಂಡಿದ್ಳೇನು?”

ಕಂಬಳಿಯೊಳಗೆ ಗುದ್ಲೆಪ್ಪನ ಭುಜ ಕುಲುಕಿತು. ಕಣ್ಣೊರೆಸಿಕೊಳ್ಳಲು ಕೈ ಎತ್ತುವಂತಿರಲಿಲ್ಲ. ಹಿಂದೆ ರೊಟ್ಟಿ ಹರಿಯುವ ಸಪ್ಪಳ, ಚಹಾದ ಬಟ್ಟಲು ಉರುಳಿದ ಸಪ್ಪಳ, ರೆಕ್ಕೆಗಳ ಮೇಲೆ ರೆಕ್ಕೆ. ಹೋದ ಕಾಗೆಗಳೆಲ್ಲ ಒಂದೊಂದಾಗಿ ತಿರುಗಿ ಬರುತ್ತಿದ್ದವು.

ಅಷ್ಟರಲ್ಲಿ ಎದುರಿನಿಂದ, ನಿಲ್ದಾಣದ ಕಡೆಯಿಂದ, ಇಂಜಿನ್ ಶುರುವಾದದ್ದು ಕೇಳಿಸಿತು. ಬೆಂಗಳೂರಿಗೆ ಹೋಗುವ ಮಂದಿಯನ್ನು ತುಂಬಿಕೊಂಡು ಇಮಾನ ತಿರುಗುತ್ತಿತ್ತು. ಹಾರುವುದೂ ಈ ತುದಿಯ ಮೇಲಿಂದಲೇ. ಕಂಬಳಿಯ ಕತ್ತಲಲ್ಲಿ ಗುದ್ಲೆಪ್ಪನ ಅಂಗೈ ಮತ್ತೆ ಬೆವರಿದವು. ಮಡಿಲಲ್ಲಿದ್ದ ಡಬ್ಬಿಯನ್ನು ತಡವಿಕೊಂಡ.

“ಸವಿತಾ,” ಎಂದ, ತುಟಿ ಅಲುಗದ ಹಾಗೆ. “ಅವ್ವ ಉಂಡಳೇನು? ಲಗೂ ಉಣ್ಣಾಕ ಹೇಳು. ಇಮಾನ ಹೊಂಟೈತಿ.”

“ತಡೀರಿ,” ಎಂದಳು ಸವಿತಾ. “ಇನ್ನೊಂದು ತುತ್ತು ಐತಿ.”